ಎರಡು ವರ್ಷ ನಾವು ಕಡಲನ್ನು ಹೆಚ್ಚು ನೀಲಿ ಎಂದೆವು

ಉಪಗ್ರಹದ ಕಣ್ಣಿನಿಂದ ಕಡಲ ನೀರಿನ ಬೆಳಕನ್ನು ಅಳೆದು, ಆ ನೀರಿನೊಳಗೆ ಏನೇನು ಎಷ್ಟೆಷ್ಟಿದೆ ಎಂದು ಹೇಳುವ ಶಾಸ್ತ್ರದಲ್ಲಿ ದುಡಿದವರು ನಮ್ಮಲ್ಲಿ ಬಹಳ ಮಂದಿಯಿಲ್ಲ. ದುಡಿದವರ ಪೈಕಿ, ಉಪಗ್ರಹ ಹೇಳಿದ್ದನ್ನು ಒಪ್ಪುವ ಮೊದಲು ದೋಣಿ ಹತ್ತಿ ಹೋಗಿ ನೀರನ್ನೇ ಕೇಳಿ ಬರಬೇಕು ಎಂದು ಮೂವತ್ತನಾಲ್ಕು ವರ್ಷ ಹಟ ಹಿಡಿದು ಕೂತವರು ಡಾ. ಜ್ಯೋತಿಲಕ್ಷ್ಮಿಯವರು. ಚಳ್ಳಕೆರೆಯ ಹೊರಗಿನ ನಮ್ಮ ಸಾಗರ ವರ್ಣ ಅಧ್ಯಯನ ಕೇಂದ್ರದಿಂದ ಅವರು ಈ ಜನವರಿಯ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಅವರ ಪ್ರಬಂಧಗಳು, ಪದವಿಗಳು, ಅವರು ಹೋಗಿಬಂದ ದೇಶಗಳು, ಇವುಗಳನ್ನೆಲ್ಲ ಈ ಅಭಿನಂದನ ಸಂಪುಟದ ಇತರ ಮಾನ್ಯ ಲೇಖಕರು ಬರೆದಿರುತ್ತಾರೆ. ಅದು ಅವರ ಕೆಲಸ, ಅವರಿಗೆ ಗೊತ್ತು.

ನನ್ನನ್ನು ಕೇಳಿದ್ದು ಅರ್ಧ ಪುಟ. ಸಹಾಯಕ ಸಿಬ್ಬಂದಿಯ ಪರವಾಗಿ, 'ಮೇಡಂ ಅವರ ಸರಳತೆಯ ಬಗ್ಗೆ' ಬರೆಯಬೇಕೆಂದು ಅಭಿನಂದನ ಸಮಿತಿಯ ಪತ್ರದಲ್ಲಿತ್ತು. ಸರಳತೆಯ ಬಗ್ಗೆ ನನಗೆ ಹೇಳಲು ಏನೂ ಇಲ್ಲ. ಜ್ಯೋತಿಲಕ್ಷ್ಮಿಯವರು ಸರಳರಲ್ಲ, ಬಹಳ ಕಷ್ಟದ ಮನುಷ್ಯರು. ಅವರೊಡನೆ ಎಂಟು ವರ್ಷ ಕೆಲಸ ಮಾಡಿದವನಾಗಿ ಇದನ್ನು ಗೌರವದಿಂದಲೇ ಹೇಳುತ್ತಿದ್ದೇನೆ. ನಾನು ಬರೆಯುವುದು ಒಂದು ಬಿಳಿ ಹಲಗೆಯ ವಿಷಯ. ಸಂಪುಟದ ಪರಿವಿಡಿಯನ್ನು ನೋಡಿದೆ. ಅದರಲ್ಲಿ ನಲವತ್ತೊಂದು ಲೇಖನಗಳಿವೆ, ಹಲಗೆಯ ಮಾತು ಒಂದರಲ್ಲೂ ಇಲ್ಲ.

ಹಲಗೆ ಯಾಕೆ ಬೇಕು ಎಂಬುದನ್ನು ಮೊದಲು ಹೇಳಬೇಕು. ಬಿಸಿಲು ಕಡಲೊಳಗೆ ಇಳಿದಾಗ ಕೆಂಪನ್ನು ನೀರೇ ನುಂಗುತ್ತದೆ. ನೀಲಿಯನ್ನು ನುಂಗುವುದು ನೀರಿನಲ್ಲಿ ತೇಲುವ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಉಳಿದ ಬೆಳಕು ಮೇಲಕ್ಕೆ ಬರುತ್ತದೆ. ನೀಲಿ ಹೆಚ್ಚು ಬಂದರೆ ನೀರಿನಲ್ಲಿ ಪಾಚಿ ಕಡಿಮೆ, ಹಸಿರು ಹೆಚ್ಚು ಬಂದರೆ ಪಾಚಿ ಹೆಚ್ಚು. ಪಾಚಿ ಇದ್ದಲ್ಲಿ ಮೀನಿಗೆ ಮೇವು. ಉಪಗ್ರಹ ಇದನ್ನು ಮೇಲಿನಿಂದ ನೋಡುತ್ತದೆ. ಆದರೆ ಅದರ ಕಣ್ಣಿಗೆ ಬೀಳುವ ಬೆಳಕಿನ ಹತ್ತು ಪಾಲಿನಲ್ಲಿ ಒಂಬತ್ತು ಪಾಲು ನಡುವಿನ ಗಾಳಿಯದು, ಒಂದೇ ಪಾಲು ನೀರಿನದು. ಆದ್ದರಿಂದ ಉಪಗ್ರಹ ತಲೆಯ ಮೇಲೆ ಹಾಯುವ ಹೊತ್ತಿಗೇ ಯಾರಾದರೂ ಕೆಳಗೆ ದೋಣಿಯಲ್ಲಿ ನಿಂತು ನೀರಿನ ಬೆಳಕನ್ನು ಅಳೆಯಬೇಕು, ಎರಡನ್ನೂ ಹೋಲಿಸಿ ಉಪಗ್ರಹದ ಲೆಕ್ಕವನ್ನು ತಿದ್ದುವ ಒಂದು ಅಂಕಿ ತೆಗೆಯಬೇಕು. ದೋಣಿಯವರು ನೀರನ್ನು ನೋಡುವ ಮೊದಲು ಒಂದು ಬಿಳಿ ಹಲಗೆಯನ್ನು ಬಿಸಿಲಿಗೆ ಹಿಡಿದು, ಆ ಕ್ಷಣ ಸೂರ್ಯನಿಂದ ಎಷ್ಟು ಬೆಳಕು ಬೀಳುತ್ತಿದೆ ಎಂದು ಅಳೆಯುತ್ತಾರೆ. ಅಂಗೈಯ ಮೂರರಷ್ಟು ಅಗಲದ ಆ ಹಲಗೆ ಸರಿಯಿದ್ದರೆ ನೀರಿನ ಅಳತೆ ಸರಿ, ನೀರಿನ ಅಳತೆ ಸರಿಯಿದ್ದರೆ ಉಪಗ್ರಹದ್ದು ಸರಿ.

ಜ್ಯೋತಿಲಕ್ಷ್ಮಿಯವರು ಹುಟ್ಟಿದ್ದು ಕೊಂಡ್ಲಹಳ್ಳಿಯಲ್ಲಿ, ಶೇಂಗಾ ಬೆಳೆಯುವ ಮನೆಯಲ್ಲಿ. ಕಡಲನ್ನು ಮೊದಲು ಕಂಡದ್ದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿದ ಮೇಲೆ. ಹಡಗಿನಲ್ಲಿ ಹೆಂಗಸರಿಗೆ ಮಲಗುವ ಜಾಗವಿಲ್ಲ ಎಂಬ ಕಾರಣಕ್ಕೆ ಎರಡು ಸಲ ಅವರ ಹೆಸರನ್ನು ಪಟ್ಟಿಯಿಂದ ಕೈಬಿಟ್ಟರಂತೆ. ಮೂರನೆಯ ಸಲ ಉಪಕರಣದ ಕೋಣೆಯಲ್ಲೇ ಚಾಪೆ ಹಾಸಿಕೊಳ್ಳುತ್ತೇನೆಂದು ಬರೆದುಕೊಟ್ಟು ಹತ್ತಿದರು. ಹನ್ನೆರಡು ವರ್ಷ ಹಡಗು, ಆಮೇಲೆ ಕರಾವಳಿಯ ದೋಣಿಗಳು. ನಮ್ಮ ಕೇಂದ್ರ ಚಳ್ಳಕೆರೆಯ ಬಯಲಿನಲ್ಲಿ ಶುರುವಾದಾಗ, ಕಡಲಿಲ್ಲದ ಊರಿಗೆ ಯಾಕೆ ಬಂದಿರಿ ಎಂದು ಕೇಳಿದವರಿಗೆಲ್ಲ ಅವರು ಕೊಟ್ಟ ಉತ್ತರ ಒಂದೇ: ಉಪಕರಣ ಪರೀಕ್ಷೆಗೆ ಬೇಕಾದ್ದು ಕಡಲಲ್ಲ, ಮೋಡವಿಲ್ಲದ ಆಕಾಶ, ಅದು ಇಲ್ಲಿ ಧಾರಾಳವಾಗಿದೆ.

ನಾನು ಮೊಳಕಾಲ್ಮುರಿನವನು, ರೇಷ್ಮೆ ಸೀರೆ ನೇಯುವ ಮನೆಯವನು. ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟು ಮಗ್ಗಕ್ಕೆ ಕೂತೆ, ಹದಿನೆಂಟಕ್ಕೆ ಮಗ್ಗ ಬಿಟ್ಟು ಕೇಂದ್ರದಲ್ಲಿ ಹುಲ್ಲು ಕೊಯ್ಯುವ ಗುತ್ತಿಗೆ ಕೆಲಸಕ್ಕೆ ಸೇರಿದೆ. ಪರೀಕ್ಷೆಯ ಬಯಲಿನೊಳಗೆ ಬೇಲಿ ನುಗ್ಗಿ ಬಂದ ಕುರಿಗಳನ್ನು ಓಡಿಸುವುದೂ ನನ್ನ ಕೆಲಸವೇ ಆಗಿತ್ತು. ಒಂದು ದಿನ ಅವರು ಗಣಕದಲ್ಲಿ ಕಡಲಿನ ನಕ್ಷೆ ನೋಡುತ್ತಿದ್ದಾಗ ನಾನು ಹಿಂದೆ ನಿಂತು, "ಇದು ಆನಂದ ನೀಲಿ, ಇದು ರಾಮಾ ಹಸಿರು, ಇದ್ರ ನಡುವೆ ಇರೋದು ನವಿಲು ಕೊರಳು," ಎಂದುಬಿಟ್ಟೆ. ರೇಷ್ಮೆಗೆ ಬಣ್ಣ ಹಾಕುವ ನಮ್ಮ ಒಲೆಯ ಮುಂದೆ ಹೇಳುವ ಹೆಸರುಗಳು. ಅವರು ತಿರುಗಿ, "ನಡುವೆ ಇನ್ನೂ ಎಷ್ಟು ಹೆಸರವೆ?" ಎಂದು ಕೇಳಿದರು. ಹದಿನಾಲ್ಕು ಹೇಳಿದೆ. ಹದಿನಾಲ್ಕನ್ನೂ ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡು, ಒಂದೊಂದರ ಮುಂದೆಯೂ ಆ ಬೆಳಕಿನ ಅಲೆಯ ಉದ್ದವನ್ನು ಬರೆದು, ಪುಸ್ತಕವನ್ನು ನನಗೇ ಕೊಟ್ಟರು. ಮುಂದಿನ ತಿಂಗಳಿನಿಂದ ನಾನು ಉಪಕರಣಗಳ ಜೊತೆಗಿದ್ದೆ. ಹುಲ್ಲಿಗೆ ಬೇರೆಯವರು ಬಂದರು.

ಮೊದಲ ಸಲ ಹೊನ್ನಾವರದಿಂದ ದೋಣಿಯಲ್ಲಿ ಹೋದಾಗ ನಾನು ಮೂರು ಗಂಟೆ ವಾಂತಿ ಮಾಡಿಕೊಂಡೆ. ನಮ್ಮ ಜೀಪಿನ ಚಾಲಕ ಬೋರಯ್ಯನೂ ದೋಣಿಯಲ್ಲಿದ್ದ.

"ಲೇ ಗೋಪಿ, ಸಮುದ್ರ ನೋಡಾಕೆ ಅಂತ ಬಂದು ಬಕೆಟ್ಟೇ ನೋಡ್ಕಂತ ಕುಂತೀಯಲ್ಲೋ. ಅದ್ರಾಗೆ ಯಾವ ಬಣ್ಣ ಐತೆ, ಅದ್ಕೂ ಒಂದು ಹೆಸ್ರು ಹೇಳು!"

ಜ್ಯೋತಿಲಕ್ಷ್ಮಿಯವರು ನಗಲಿಲ್ಲ, ಅಯ್ಯೋ ಪಾಪ ಎನ್ನಲೂ ಇಲ್ಲ. "ದೂರದ ಗೆರೆ ನೋಡು, ದೋಣಿ ನೋಡ್ಬೇಡ," ಎಂದು ಹೇಳಿ, ಹಲಗೆಯನ್ನು ನನ್ನ ಕೈಗೆ ಕೊಟ್ಟು, ಅಲುಗಾಡದಂತೆ ಹಿಡಿಯಲು ಹೇಳಿದರು. ಕೈಗೆ ಕೆಲಸ ಬಂದ ಮೇಲೆ ವಾಂತಿ ನಿಂತಿತು. ಇದನ್ನು ಕರುಣೆ ಎನ್ನಬಹುದಾದರೆ ಎನ್ನಬಹುದು. ಅವತ್ತಿನಿಂದ ಹಲಗೆ ನನ್ನ ಜವಾಬ್ದಾರಿ.

ಮೂರು ವರ್ಷದ ಹಿಂದೆ, ಮಳೆಗಾಲ ಮುಗಿದು ಕಡಲಿಗೆ ಹೊರಡುವ ಮುಂಚೆ, ಬಯಲಿನ ಧೂಳು ಹಲಗೆಯ ಮೇಲೆ ಕೂತಿತ್ತು. ತೊಳೆಯುವ ಕ್ರಮವಿದ್ದ ಪುಸ್ತಕ ಇಂಗ್ಲಿಷಿನದು. ನಮ್ಮ ಕೇಂದ್ರದ ಸಂಶೋಧಕಿ ಸ್ವಪ್ನ ಅವರಿಗೆ ಫೋನು ಮಾಡಿ ಕೇಳಿದೆ.

"ನಲ್ಲಿ ನೀರು ಬಿಟ್ಕೊಂಡು ಸಣ್ಣ ಮರಳು ಕಾಗದದಲ್ಲಿ ಉಜ್ಜು. ಮೇಲಿನ ಪದರ ಹೋಗ್ಬೇಕು, ಒಳಗಿಂದು ಹೊಸದಾಗಿ ಬರ್ಬೇಕು," ಎಂದರು.

ಮರಳು ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು ಹಲಗೆಯ ಮುಂದೆ ಬಹಳ ಹೊತ್ತು ಕೂತಿದ್ದೆ. ನಮ್ಮ ಮನೆಯಲ್ಲಿ ಬಿಳಿ ರೇಷ್ಮೆಯ ಲಡಿಯನ್ನು ಉಗುರು ಬೆಳೆದ ಕೈಯಲ್ಲಿ ಮುಟ್ಟಿದರೂ ಬೈಗುಳ ಬೀಳುತ್ತದೆ. ಹಾಲಿನಂಥ ಬಿಳುಪನ್ನು ಮರಳಿನಲ್ಲಿ ಉಜ್ಜುವುದು ನನ್ನ ಕೈಯಿಂದ ಆಗಲಿಲ್ಲ. ಮನೆಯಿಂದ ಅಂಟುವಾಳದ ಕಾಯಿ ತಂದು, ನೆನೆಸಿ, ನೊರೆ ಮಾಡಿ, ರೇಷ್ಮೆ ತೊಳೆಯುವ ಹಾಗೆ ಮೆಲ್ಲಗೆ ತೊಳೆದು ಬಿಸಿಲಿಗಿಟ್ಟೆ. ಧೂಳು ಹೋಯಿತು. ಹಲಗೆ ಹೊಳೆಯಿತು. ಎರಡು ವರ್ಷದಲ್ಲಿ ಎಂಟು ಸಲ ಹೀಗೆ ತೊಳೆದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಎರಡು ವರ್ಷದ ದೋಣಿಯ ಅಳತೆಗಳು, ಉಪಗ್ರಹ ಕಂಡದ್ದಕ್ಕಿಂತ ನೀರು ಹೆಚ್ಚು ನೀಲಿ ಎಂದು ಹೇಳಿದವು. ಉಪಗ್ರಹಕ್ಕೆ ವಯಸ್ಸಾಗಿದೆ, ನೀಲಿಯನ್ನು ಕಾಣುವ ಅದರ ಕಣ್ಣು ಮಂಜಾಗಿದೆ ಎಂದು ಎಲ್ಲರೂ ಒಪ್ಪಿದರು. ತಿದ್ದುವ ಅಂಕಿಯನ್ನು ಹೊಸದಾಗಿ ತೆಗೆದು, ಆ ಉಪಗ್ರಹದ ಹನ್ನೊಂದು ವರ್ಷದ ಎಲ್ಲ ನಕ್ಷೆಗಳಿಗೂ ಹಾಕಲಾಯಿತು. ಜ್ಯೋತಿಲಕ್ಷ್ಮಿಯವರ ಪ್ರಬಂಧ ಪ್ರಕಟವಾಯಿತು, ಅದಕ್ಕೆ ದೊಡ್ಡ ಪ್ರಶಸ್ತಿಯೊಂದರ ಮಾತೂ ಬಂತು.

ಕಳೆದ ವರ್ಷ ಆಗಸ್ಟಿನಲ್ಲಿ ನಾನು ಮೊಳಕಾಲ್ಮುರಿನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಚಳ್ಳಕೆರೆಯಿಂದ ಒಬ್ಬ ಹೆಂಗಸು, ನಮ್ಮಲ್ಲೇ ಕೊಂಡ ಬಿಳಿ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಬಂದರು. ಸೀರೆ ಹಳದಿ ಹಿಡಿದಿತ್ತು. ನಮ್ಮವ್ವ ಲಕ್ಷ್ಮಕ್ಕ ಅದನ್ನು ಮೂಸಿ ನೋಡಿದಳು.

"ಅಂಟುವಾಳದಾಗೆ ತೊಳದೀಯಮ್ಮ ನೀನು. ತೊಳದೋಳು ನಾಕು ನೀರಾಗೆ ಜಾಲಾಡ್ಬೇಕು, ನೆಳ್ಳಾಗೆ ಒಣಗಿಸ್ಬೇಕು. ನೊರೆ ಒಳಗೇ ಉಳಕಂಡು ಬಿಸ್ಲಿಗೆ ಬಿದ್ರೆ ಹಳದಿ ಆಗದೆ ಇನ್ನೇನಾಗ್ತೈತೆ?" ಎಂದವಳು ನನ್ನ ಕಡೆ ತಿರುಗಿ, ತೆಲುಗು ಬೆರೆಸಿ, "ಏಮಿರಾ, ಅನ್ನ ಎದ್ರಿಗಿಟ್ಕಂಡು ದೆವ್ವ ಕಂಡೋನಂಗೆ ಕುಂತೀಯಾ?" ಎಂದಳು.

ಮರುದಿನ ಬೆಳಿಗ್ಗೆಯೇ ಕೇಂದ್ರಕ್ಕೆ ಹೋಗಿ ಹಲಗೆಯ ಚೌಕಟ್ಟಿನ ತಿರುಪುಗಳನ್ನು ಬಿಚ್ಚಿದೆ. ಚೌಕಟ್ಟಿನ ಅಡಿಯಲ್ಲಿ ಬಿಸಿಲು ಕಾಣದೆ ಉಳಿದಿದ್ದ ಅಂಚು, ಬೆರಳಗಲದಷ್ಟು, ಬೆಳ್ಳಗಿತ್ತು. ಉಳಿದದ್ದು ಅಷ್ಟು ಬೆಳ್ಳಗಿರಲಿಲ್ಲ. ಎರಡನ್ನೂ ಒಟ್ಟಿಗೆ ನೋಡದಿದ್ದರೆ ಯಾರ ಕಣ್ಣಿಗೂ ಗೊತ್ತಾಗುವಂತಿರಲಿಲ್ಲ. ಆ ಹಲಗೆ ಮುಂದಿನ ತಿಂಗಳು ಹಳೆಯ ಸಾಮಾನಿನ ಪಟ್ಟಿಗೆ ಹೋಗುವುದಿತ್ತು. ನಾನು ಸುಮ್ಮನಿದ್ದಿದ್ದರೆ ವಿಷಯವೂ ಸುಮ್ಮನಾಗುತ್ತಿತ್ತು.

ಜ್ಯೋತಿಲಕ್ಷ್ಮಿಯವರ ಕೋಣೆಗೆ ಹೋಗಿ ಹಲಗೆಯನ್ನು ಮೇಜಿನ ಮೇಲಿಟ್ಟೆ.

"ಮೇಡಮ್ಮೋರೆ, ಹಲಗೆ ಹಳದಿ ಆಗೈತೆ. ನಾನೇ ಮಾಡಿದ್ದು."

ಹೇಗಾಯಿತು ಎಂದು ಅವರು ಕೇಳಲಿಲ್ಲ. "ಯಾವತ್ತಿಂದ?" ಎಂದು ಕೇಳಿದರು.

ಹೇಳಿದೆ. ಯಾತರಲ್ಲಿ ತೊಳೆದೆ ಎಂದು ಆಮೇಲೆ ಕೇಳಿದರು, ಅದನ್ನೂ ಹೇಳಿದೆ. ಹಲಗೆಯ ಅಂಚನ್ನು ಕಿಟಕಿಯ ಕಡೆಗೆ ತಿರುಗಿಸಿ ನೋಡುತ್ತಲೇ ಇದ್ದರು.

"ಹೇಳಿದ ಮಾತು ಕೇಳ್ಲಿಲ್ಲ ನೀನು, ಅದು ತಪ್ಪು. ಪ್ರತಿ ವರ್ಷ ಕತ್ತಲೆ ಕೋಣೇಲಿ ದೀಪದ ಮುಂದೆ ಇಟ್ಟು ಇದನ್ನ ಪರೀಕ್ಷೆ ಮಾಡ್ಬೇಕಿತ್ತು. ಎರಡು ವರ್ಷ ನಾನು ಮಾಡ್ಲಿಲ್ಲ. ಕಣ್ಣಿಗೆ ಬೆಳ್ಳಗೆ ಕಾಣ್ತಿತ್ತು ಅಂತ ಬಿಟ್ಟೆ. ಮೂವತ್ಮೂರು ವರ್ಷ ಕಣ್ಣನ್ನ ನಂಬಬೇಡಿ ಅಂತ ಎಲ್ಲರಿಗೂ ಪಾಠ ಹೇಳಿ ನಾನೇ ನಂಬಿದೆ. ನಡಿ, ದೀಪ ಹಚ್ಚು."

ಎರಡು ದಿನ ಕತ್ತಲೆ ಕೋಣೆಯಲ್ಲಿ ಅಳೆದೆವು. ಹಲಗೆ ನೀಲಿ ಬೆಳಕಿನಲ್ಲಿ ನೂರಕ್ಕೆ ಎಂಟು ಭಾಗ ನುಂಗುತ್ತಿತ್ತು, ಹಸಿರಿನಲ್ಲಿ ಹೆಚ್ಚೇನೂ ಇಲ್ಲ. ಅಂದರೆ ಸೂರ್ಯನ ನೀಲಿ ಕಡಿಮೆಯೆಂದು ಹಲಗೆ ನಮಗೆ ಸುಳ್ಳು ಹೇಳಿತ್ತು, ಅದಕ್ಕೆ ಹೋಲಿಸಿ ನಾವು ನೀರಿನ ನೀಲಿ ಹೆಚ್ಚೆಂದು ಬರೆದಿದ್ದೆವು. ಉಪಗ್ರಹದ ಕಣ್ಣು ಸರಿಯಾಗಿಯೇ ಇತ್ತು. ಅದಕ್ಕೆ ನಾವು ತಪ್ಪು ಕನ್ನಡಕ ಹಾಕಿದ್ದೆವು. ಪಾಚಿ ಇದ್ದ ಕಡಲನ್ನೂ ಬರಿದು ಎಂದು ಹನ್ನೊಂದು ವರ್ಷದ ನಕ್ಷೆಗಳಲ್ಲಿ ಬರೆಸಿದ್ದೆವು.

ಈ ವಿಷಯವನ್ನು ತಿಳಿಸಲು ಅವರು ಕೇಂದ್ರದ ಉಪನಿರ್ದೇಶಕರಾದ ಶ್ರೀ ಓಂಕಾರಮೂರ್ತಿಯವರ ಕೋಣೆಗೆ ಹೋದಾಗ ಹಲಗೆ ಹಿಡಿದುಕೊಂಡು ನಾನೂ ಹೋಗಿದ್ದೆ. ಅಲ್ಲಿ ನಡೆದ ಮಾತು ಇಷ್ಟು.

"ಮೇಡಂ, ಐದು ತಿಂಗಳೈತೆ ನಿಮ್ಮ ನಿವೃತ್ತಿಗೆ. ಹಲಗೆ ಹಳೇದಾಯ್ತು ಅಂತ ಬರೆದು ಹೊಸಾದು ತರಿಸೋಣ. ಹಿಂದಿಂದು ಹಿಂದೇನೇ ಇರ್ಲಿ ಬಿಡ್ರಿ."

"ಹಿಂದೆ ಉಳ್ದಿಲ್ಲ ಮೂರ್ತಿಯವರೇ. ಇವತ್ತು ಬೆಳಿಗ್ಗೆ ಬಂದ ನಕ್ಷೇಲೂ ಐತೆ."

"ಹಂಗಾದ್ರೆ ಇವ್ನ ಹೆಸರು ಬರೀರಿ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟೋನ ಕೈಗೆ ಇದನ್ನ ಯಾರು ಕೊಟ್ರು ಅಂತ ಮೇಲಿನೋರು ಕೇಳ್ತಾರೆ, ಅದ್ನೂ ಬರೀರಿ."

"ನಾನು ಕೊಟ್ಟೆ. ಬರ್ಕೊಳ್ರಿ."

ಓಂಕಾರಮೂರ್ತಿಯವರು ಬರೆದುಕೊಳ್ಳಲಿಲ್ಲ. ಅವರೇ ಈಗ ಅಭಿನಂದನ ಸಮಿತಿಯ ಅಧ್ಯಕ್ಷರು. ಈ ಸಾಲುಗಳನ್ನು ಅಚ್ಚಿಗೆ ಮೊದಲೇ ಓದುತ್ತಾರೆಂದು ನನಗೆ ಗೊತ್ತು. ಇವನ್ನು ತೆಗೆಯುವುದಾದರೆ ಲೇಖನವನ್ನೇ ಪೂರ್ತಿ ತೆಗೆಯಿರಿ ಎಂದು ಸಂಪುಟದ ಸಂಪಾದಕಿಯೂ ಆದ ಸ್ವಪ್ನ ಅವರಿಗೆ ಬರೆದುಕೊಟ್ಟಿದ್ದೇನೆ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವನ್ನೂ ಹೊಂದಿಸಬಲ್ಲ ಕೈಗಳಿಗೆ ಆ ದಿನ ಒಂದು ಸಾಲು ಬರೆಯಲಾಗಲಿಲ್ಲ ಎಂಬುದನ್ನು ನಾನು ಮರೆತು ಹಾರೈಸಬೇಕೆಂದರೆ ನನ್ನಿಂದಾಗದು.

ಜ್ಯೋತಿಲಕ್ಷ್ಮಿಯವರು ಅದೇ ವಾರ ಪ್ರಬಂಧವನ್ನು ಹಿಂತೆಗೆದುಕೊಂಡರು. ಪ್ರಶಸ್ತಿಯ ಮಾತು ನಿಂತಿತು. ಹಿಂತೆಗೆದುಕೊಂಡ ಟಿಪ್ಪಣಿಯಲ್ಲಿ, ಹಲಗೆಯನ್ನು ಅಂಟುವಾಳದ ನೊರೆಯಲ್ಲಿ ತೊಳೆಯಲಾಗಿತ್ತೆಂದೂ, ವಾರ್ಷಿಕ ಪರೀಕ್ಷೆಯನ್ನು ತಾವು ಎರಡು ಸಲ ಕೈಬಿಟ್ಟದ್ದಾಗಿಯೂ, ದೋಷವನ್ನು ಕಂಡುಹಿಡಿದವನು ಕೇಂದ್ರದ ಗೋಪಿಯೆಂದೂ ಬರೆದರು. ತೊಳೆದವನೂ ಅವನೇ ಎಂದು ಸೇರಿಸಿರಿ ಎಂದು ಕೇಳಿದೆ.

"ಯಾರು ತೊಳೆದ್ರು ಅನ್ನೋದು ಓದೋರಿಗೆ ಯಾಕೆ ಬೇಕು? ಯಾತರಲ್ಲಿ ತೊಳೆದ್ರು ಅನ್ನೋದು ಬೇಕು," ಎಂದರು.

ಅಲ್ಲಿ ಬರೆಯದೆ ಉಳಿದದ್ದನ್ನು ಇಲ್ಲಿ ನಾನೇ ಬರೆಯುತ್ತಿದ್ದೇನೆ. ತೊಳೆದವನು ನಾನು.

ಟಿಪ್ಪಣಿ ಬರೆದರೆ ತಪ್ಪು ಒಪ್ಪಿಕೊಂಡ ಹಾಗಾಯಿತು, ಅಂಕಿ ಸರಿಯಾದ ಹಾಗಾಗಲಿಲ್ಲ. ಹಲಗೆ ಈಗ ಎಷ್ಟು ಹಳದಿ ಎಂಬುದು ಗೊತ್ತು; ಯಾವ ತಿಂಗಳು ಎಷ್ಟು ಹಳದಿಯಾಗಿತ್ತೆಂದು ಯಾರಿಗೂ ಗೊತ್ತಿಲ್ಲ, ಆದ್ದರಿಂದ ಆ ಎರಡು ವರ್ಷದ ಅಳತೆಗಳನ್ನು ಕೂತಲ್ಲೇ ತಿದ್ದಲು ಬರುವುದಿಲ್ಲ. ಹೊಸ ಹಲಗೆ ಹಿಡಿದು ಮತ್ತೆ ಹೋಗಿ ಅಳೆಯಬೇಕು. ಮೋಡವಿಲ್ಲದ ದಿನ, ಅದೇ ಉಪಗ್ರಹ ನೆತ್ತಿಯ ಮೇಲಿರುವಾಗ, ಕಡಿಮೆಯೆಂದರೆ ಇಪ್ಪತ್ತು ಸಲ. ಉಪಗ್ರಹವೋ ತನ್ನ ಆಯಸ್ಸನ್ನು ಮೀರಿ ಬದುಕಿದೆ, ಬರುವ ಮಳೆಗಾಲ ಮುಗಿಯುವುದರೊಳಗೆ ಅದನ್ನು ನಿಲ್ಲಿಸುತ್ತಾರೆಂಬ ಸುದ್ದಿಯಿದೆ. ಅದು ನಿಂತ ಮೇಲೆ ಹೋಲಿಸಲು ಏನೂ ಉಳಿಯುವುದಿಲ್ಲ. ಹನ್ನೊಂದು ವರ್ಷದ ನಕ್ಷೆಗಳು ಎಂದೆಂದಿಗೂ ತಪ್ಪಾಗಿಯೇ ಉಳಿಯುತ್ತವೆ. ಮಳೆಗಾಲದಲ್ಲಿ ಕಡಲಿನ ಮೇಲೆ ಆಕಾಶ ಸಿಗುವುದಿಲ್ಲವಾದ್ದರಿಂದ ನಮಗಿರುವುದು ಮೇ ತಿಂಗಳ ತನಕ.

ಅಕ್ಟೋಬರಿನಿಂದ ಈವರೆಗೆ ಹನ್ನೊಂದು ಸಲ ಆಗಿದೆ. ಪ್ರತಿ ಸಲವೂ ಹೊರಡುವ ಹಿಂದಿನ ದಿನ ಜ್ಯೋತಿಲಕ್ಷ್ಮಿಯವರು ನನ್ನ ಎದುರಿಗೆ ನಿಂತು, ನಲ್ಲಿ ನೀರು ಬಿಟ್ಟು, ನನ್ನ ಕೈಯಲ್ಲೇ ಹೊಸ ಹಲಗೆಯನ್ನು ಮರಳು ಕಾಗದದಲ್ಲಿ ಉಜ್ಜಿಸಿದ್ದಾರೆ. ಮೊದಲ ಸಲ ಮೇಲಿಂದ ಮೇಲೆ ಸವರಿದೆ. "ಇನ್ನೂ ಒತ್ತು, ಇದು ನಿಮ್ಮವ್ವನ ಸೀರೆ ಅಲ್ಲ," ಎಂದರು. ಆಮೇಲೆ ದೀಪದ ಮುಂದಿಟ್ಟು ಅಳೆದು, ಕ್ರಮವನ್ನು ಕನ್ನಡದಲ್ಲಿ ಬರೆದು ಗೋಡೆಗೆ ಹಚ್ಚಿದರು. ಕೇಂದ್ರದಲ್ಲಿ ಈಗ ಕನ್ನಡದಲ್ಲಿರುವ ಕೆಲಸದ ಸೂಚನೆ ಅದೊಂದೇ.

ಇನ್ನು ಒಂಬತ್ತು ಉಳಿದಿವೆ. ನಿವೃತ್ತರಾದವರ ಹೆಸರಿಗೆ ಕೇಂದ್ರದ ಜೀಪು, ದೋಣಿ ಕೊಡಲು ನಿಯಮವಿಲ್ಲವಂತೆ. ಕಡತ ಮೂರು ತಿಂಗಳಿಂದ ಒಂದು ಸಹಿಗೆ ಕಾದಿದೆ. ಸಹಿ ಯಾರದೆಂದು ಬರೆಯುವ ಅಗತ್ಯವಿಲ್ಲ, ಅವರು ಇದನ್ನು ಓದುತ್ತಿದ್ದಾರೆ. ಹೊನ್ನಾವರದ ನಮ್ಮ ದೋಣಿಯವರು, ಮೀನಿಗೆ ಹೋಗುವಾಗ ಕೂರಿಸಿಕೊಂಡು ಹೋಗುತ್ತೇವೆ ಬನ್ನಿ ಎಂದಿದ್ದಾರೆ. ಅಲ್ಲಿಯ ತನಕ ಬಸ್ಸಿದೆ.

ಅಭಿನಂದನ ಸಮಾರಂಭದ ದಿನ ಗೊತ್ತು ಮಾಡಿದಾಗ ಜ್ಯೋತಿಲಕ್ಷ್ಮಿಯವರು ಸಮಿತಿಯನ್ನು ಒಂದೇ ಒಂದು ಕೇಳಿಕೊಂಡರು: ಫೆಬ್ರವರಿಯ ಆ ಭಾನುವಾರ ಉಪಗ್ರಹ ನಮ್ಮ ಅಳತೆಯ ಜಾಗದ ನೇರ ಮೇಲೆ ಹಾಯುತ್ತದೆ, ದಿನ ಬದಲಿಸಲು ಆಗುತ್ತದೆಯೇ ಎಂದು.

"ಉಪಗ್ರಹ ಎರಡು ದಿನ ಬಿಟ್ಟು ಮತ್ತೆ ಬರ್ತೈತಲ್ರಿ ಮೇಡಂ. ಅತಿಥಿಗಳು ಮತ್ತೆ ಸಿಗಲ್ಲ," ಎಂದರು ಓಂಕಾರಮೂರ್ತಿಯವರು.

"ಅದು ಇನ್ನೆಷ್ಟು ಸಲ ಬರ್ತೈತೆ ಅಂತ ನಂಗೂ ಗೊತ್ತಿಲ್ಲ ಮೂರ್ತಿಯವರೇ," ಎಂದರು ಇವರು. ದಿನ ಬದಲಾಗಲಿಲ್ಲ.

ಆದುದರಿಂದ ಈ ಸಂಪುಟವನ್ನು ಬಿಡುಗಡೆ ಮಾಡುವ ವೇದಿಕೆಯ ನಡುವಿನ ಕುರ್ಚಿಯಲ್ಲಿ ಅವರು ಇರುವುದಿಲ್ಲ. ಆರೋಗ್ಯ ಸರಿಯಿಲ್ಲವೆಂದು ಯಾರಾದರೂ ಘೋಷಿಸಿದರೆ ನಂಬಬೇಡಿ. ಅವರು ಗಟ್ಟಿಯಾಗಿದ್ದಾರೆ, ಶುಕ್ರವಾರವೇ ನಾವಿಬ್ಬರೂ ಚಳ್ಳಕೆರೆಯಲ್ಲಿ ಬಸ್ಸು ಹತ್ತಿರುತ್ತೇವೆ. ಅವರ ಕಣ್ಣು, ಮೊಣಕಾಲು, ಹಟ ಈ ಮೂರೂ ಈ ಒಂಬತ್ತು ಅಳತೆ ಮುಗಿಯುವ ತನಕವೂ, ಅದರ ಮುಂದೆ ಹೊಸ ಉಪಗ್ರಹ ಏರಿ, ಅದರ ತಪ್ಪುಗಳನ್ನೂ ಹುಡುಕಿ ಬೈಯುವಷ್ಟು ವರ್ಷಗಳ ತನಕವೂ ಹೀಗೇ ಇರಲೆಂದು ಸಹಾಯಕ ಸಿಬ್ಬಂದಿಯ ಪರವಾಗಿ ಹಾರೈಸುತ್ತೇನೆ. ಭಾನುವಾರ ಉಪಗ್ರಹ ಹಾಯುವುದು ಮಧ್ಯಾಹ್ನ ಹನ್ನೆರಡು ಗಂಟೆ ಏಳು ನಿಮಿಷಕ್ಕೆ. ಆ ಹೊತ್ತಿಗೆ ಅವರ ಬಗ್ಗೆ ಭಾಷಣ ಮಾಡುತ್ತಿರುವ ಮಹನೀಯರು ಒಂದು ನಿಮಿಷ ಮಾತು ನಿಲ್ಲಿಸಿದರೆ ಒಳ್ಳೆಯದು. ನಿಲ್ಲಿಸದಿದ್ದರೂ ಅಳತೆ ನಡೆಯುತ್ತದೆ.

ಗೋಪಿ
ಮೊಳಕಾಲ್ಮುರು